ಹೊಗಳಿಕೆ ಅಳಿಸುತ್ತಿದ್ದ ಟೀಚರಮ್ಮ

ಆ ಒಂದು ಸಾಲಿನಿಂದ ವ್ಯಾನು ಓಡಿಸುವ ನಾನು ಕಳೆದುಕೊಂಡದ್ದು ಒಂದು ಭಾನುವಾರದ ಬಾಡಿಗೆ. ಇಂಟರ್ನೆಟ್ಟಿನ ವಿಶ್ವಕೋಶದಲ್ಲಿ, ದೇಶದ ಪ್ರವಾಸಿ ತಾಣಗಳ ಪುಟದಲ್ಲಿ, ನಮ್ಮ ಮಳವಳ್ಳಿ ಕಡೆಯ ಹೊಳೆ ‘ಮಕ್ಕಳಿಗೂ ಈಜಲು ಸುರಕ್ಷಿತವಾದ ಸ್ವರ್ಗ’ ಎಂದಿತ್ತು. ಮೇಲಿನ ಅಣೆಕಟ್ಟೆಯಿಂದ ಯಾವಾಗ ನೀರು ಬಿಡುತ್ತಾರೋ ಹೇಳಲಾಗದ ಹೊಳೆ ಅದು; ಸಾಲನ್ನು ನಂಬಿ ಬಂದ ಕುಟುಂಬವನ್ನು ನೀರಿಗಿಳಿಯಲು ಬಿಡದೆ ವಾಪಸು ಕರೆತಂದೆ. ಅವರು ಬಾಡಿಗೆ ಕೊಡಲಿಲ್ಲ.

ಸಿಟ್ಟಿನಲ್ಲಿ ನೇರ ಹೋದದ್ದು ನಮ್ಮ ಬೀದಿಯ ನಿವೃತ್ತ ಟೀಚರಮ್ಮನ ಬಳಿ. ಯಾರು ಬೇಕಾದರೂ ತಿದ್ದಬಹುದಾದ ಅಂಥ ಪುಟಗಳನ್ನು ಸಂಬಳವಿಲ್ಲದೆ ತಿದ್ದುತ್ತಿದ್ದವರು ಅವರು. ಕನ್ನಡಕ ಹಣೆಗೇರಿಸಿ, ‘ರಮಣೀಯ’, ‘ಅದ್ಭುತ’ಗಳನ್ನು ಅವರೆಕಾಳಿನ ಹುಳು ಆರಿಸಿದಂತೆ ಆರಿಸಿ ತೆಗೆಯುತ್ತಿದ್ದರು. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: “ಯಾರು ಯೋಳಿದ್ದು?”

ಈ ಸಾಲಿಗೆ ಕೊಟ್ಟಿದ್ದ ಆಧಾರ, ಹೊಳೆದಂಡೆಯ ರೆಸಾರ್ಟಿನ ಜಾಹೀರಾತು. ಟೀಚರಮ್ಮ ಅಳಿಸಿದರು. ಮಾರನೆಯ ದಿನ ನಾನಲ್ಲೇ ಇದ್ದಾಗ, ಅಳಿಸಿದವರ ಹೆಸರನ್ನು ಪುಟದ ಇತಿಹಾಸದಲ್ಲಿ ನೋಡಿಕೊಂಡು ರೆಸಾರ್ಟಿನವನೇ ಬಾಗಿಲಿಗೆ ಬಂದ.

“ಯಾಕಮ್ಮ ನಮ್ ಒಟ್ಟೆ ಮೇಲೆ ಒಡೀತೀರಿ? ಸೇಫು ಅಂತ ಎಲ್ಲಾರೂ ಯೋಳ್ತಾರೆ.”

“ಎಲ್ಲಾರೂ ಅನ್ನೋರ ಎಸ್ರು ಯೋಳಪ್ಪ, ಬರ್ಕತೀನಿ. ಮೇಲ್ಗಡೆ ಗೇಟು ತೆಗ್ದು ನೀರು ಬುಟ್ಟಾಗ ನಿನ್ ಮಗೀನ ಇಳಿಸ್ತೀಯಾ?”

“ನಮ್ ಮಗೀನ ಯಾಕಮ್ಮ ಇಳಿಸ್ಲಿ!”

ನನಗೆ ಅವನ ಕಪಾಳಕ್ಕೆ ಬಿಗಿಯುವಷ್ಟು ಕೋಪ ಬಂತು. ಟೀಚರಮ್ಮ ಮಾತ್ರ, “ಸರಿ, ಆಧಾರ ಸಿಕ್ತು. ಕುಂತ್ಕೊ, ಕಾಪಿ ಕುಡಿ,” ಎಂದರು.

ಈಗ ಅವರಿಲ್ಲ. ಆ ಸಾಲು ಮಾತ್ರ ಆಗಾಗ ಮರಳಿ ಬರುತ್ತದೆ. ಹಲ್ಲು ಕಡಿಯುತ್ತ ನಾನೇ ಅಳಿಸುತ್ತೇನೆ.

ನೀವೂ ಅಷ್ಟೇ. ಅಂಥ ಪುಟದಲ್ಲಿ ಹೊಗಳಿಕೆ ಕಂಡರೆ ಸಾಲಿನ ಕೊನೆಯಲ್ಲಿರುವ ಆಧಾರದ ಕೊಂಡಿಯನ್ನು ಒತ್ತಿ ನೋಡಿ. ರೂಮು ಬಾಡಿಗೆಗೆ ಕೊಡುವವನ ಪುಟ ತೆರೆದರೆ ಮುಲಾಜಿಲ್ಲದೆ ಸಾಲು ಅಳಿಸಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆಮೇಲೆ ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತ ಹೊಳೆ ಹೇಗಿದೆಯೆಂದು ನಾಲ್ಕು ಜನರನ್ನು ಕೇಳಿ, ಮಕ್ಕಳ ಕೈ ಹಿಡಿದುಕೊಂಡೇ ಹೊರಡಿ.