ಬೀಗ ಹಾಕಿದ ಹಾಡುಗಳ ಷೇರು

ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗ ನಾನು. ಆದ್ದರಿಂದ ಯಾವುದೇ ವಿಷಯದಲ್ಲಿ ಅಭಿಪ್ರಾಯವಿಲ್ಲದಿರುವುದು ನನಗೆ ಅವಮಾನವೆನಿಸುತ್ತಿತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದಾಗ, ಕೆನಡಾದ ಮಿಸಿಸಾಗದಲ್ಲಿ ಬೇಸ್‌ಮೆಂಟೊಂದರಲ್ಲಿ ಬಾಡಿಗೆಗಿದ್ದ ನಾನು, ಸ್ವಂತ ಮನೆಯ ಮುಂಗಡಕ್ಕೆಂದು ಕೂಡಿಟ್ಟಿದ್ದ ಹಣವನ್ನೆಲ್ಲ ಒಂದು ಸಣ್ಣ ಕಂಪನಿಯ ಷೇರಿಗೆ ಹಾಕಿದೆ. ಇಂಟರ್ನೆಟ್ಟಿನಲ್ಲಿ ಕೊಂಡ ಹಾಡನ್ನು ಇನ್ನೊಬ್ಬರು ನಕಲು ಮಾಡದಂತೆ ಬೀಗ ಹಾಕುವುದು ಆ ಕಂಪನಿಯ ಕೆಲಸ. ಹಾಡು ಕೇಳುವ ಅಂಗೈಯಗಲದ ಪ್ಲೇಯರುಗಳು ಆಗತಾನೇ ಅಂಗಡಿಗೆ ಬಂದಿದ್ದವು. ಮುಂದೆ ಜಗತ್ತಿನ ಪ್ರತಿ ಜೇಬಿನಲ್ಲೂ ಒಂದು ಪ್ಲೇಯರು, ಅದರೊಳಗೆ ನಮ್ಮ ಬೀಗ ಇರುತ್ತದೆಂದು ನಾನು ತೀರ್ಮಾನಿಸಿದ್ದೆ.

ಷೇರು ಏರಿತು. ಬೇಸಿಗೆಯ ಹೊತ್ತಿಗೆ ಬೇಸ್‌ಮೆಂಟ್ ಖಾಲಿ ಮಾಡುವುದಾಗಿ, ಮೇಲೆಯೇ ವಾಸವಿದ್ದ ಮನೆಯೊಡತಿಗೆ ಹೇಳಿಯೂ ಬಿಟ್ಟೆ. ಆದರೆ ಮಾರಲಿಲ್ಲ, ಇನ್ನಷ್ಟು ಏರಿದರೆ ಗ್ಯಾರೇಜಿರುವ ಮನೆಯೇ ಸಿಗಬಹುದಿತ್ತು.

ಹೂಡಿಕೆದಾರರು ಇಂಟರ್ನೆಟ್ಟಿನಲ್ಲಿ ಜಗಳವಾಡುವ ತಾಣವೊಂದಿತ್ತು. ಉಳಿದವರು ಅಲ್ಲಿ ಒಂದೊಂದು ಸಾಲು ಕೂಗಾಡಿ ಹೋಗುತ್ತಿದ್ದರೆ ನಾನು ಪ್ರಬಂಧ ಬರೆಯುತ್ತಿದ್ದೆ. ಒಂದು ಭಾನುವಾರ, ಸುಸಂಸ್ಕೃತ ಗ್ರಾಹಕನು ಹಾಡಿಗೆ ಹಣ ತೆರಲು ಹಿಂಜರಿಯನೆಂದು ಇಂಗ್ಲಿಷಿನಲ್ಲಿ ಪ್ರತಿಪಾದಿಸುತ್ತಿದ್ದೆ. ಪಕ್ಕದಲ್ಲೇ ಧಾರವಾಡದವಳಾದ ನನ್ನ ಹೆಂಡತಿ ಭಕ್ತಿಗೀತೆಗಳ ಕ್ಯಾಸೆಟ್ಟಿನ ನಕಲು ತೆಗೆಯುತ್ತಿದ್ದಳು. ಊರಿನಿಂದ ಯಾರಾದರೂ ಒಂದು ಕ್ಯಾಸೆಟ್ಟು ತಂದರೆ ಅದು ರಿಚ್ಮಂಡ್ ಹಿಲ್‌ನಿಂದ ಒಶಾವಾದವರೆಗೆ ಕನ್ನಡದವರ ಮನೆಮನೆಗೂ ತಲುಪಬೇಕೆಂಬುದು ನಮ್ಮಲ್ಲಿ ಪದ್ಧತಿ.

"ಸ್ವಲ್ಪ ಸೌಂಡ್ ಕಡಿಮೆ ಮಾಡೇ. ಸೀರಿಯಸ್ಸಾಗಿ ಬರೀತಿದೀನಿ."

"ಅಂಥಾದ್ದೇನ್ ಬರಿಯಾಕತ್ತೀರಿ?"

ಓದಿ ಹೇಳಿದೆ.

"ಅಲ್ರೀ, ಹುಟ್ಟಿದಾಗಿಂದ ಒಂದಾರ ಹಾಡು ರೊಕ್ಕಾ ಕೊಟ್ಟು ತೊಗೊಂಡೀರೇನು? ನಾಳೆನ ಮಾರಿಬಿಡ್ರಿ."

"ಮಾರ್ಕೆಟ್ ಬಗ್ಗೆ ನಿನಗೇನು ಗೊತ್ತು?"

"ಮಾರ್ಕೆಟ್ ಗೊತ್ತಿಲ್ಲ. ನೀವು ಗೊತ್ತಲ್ಲ!"

ನಾನು ಪ್ರಬಂಧಕ್ಕೆ ಇನ್ನೊಂದು ಪ್ಯಾರಾ ಸೇರಿಸಿ ಕಳುಹಿಸಿದೆ. ಅಷ್ಟರಲ್ಲಿ ಅವಳು ಒಗ್ಗರಣೆಗೆ ಎದ್ದುಹೋಗಿದ್ದಳು. ಕ್ಯಾಸೆಟ್ಟಿನ ಒಂದು ಬದಿ ಮುಗಿದಾಗ ತಿರುಗಿಸಿ ಹಾಕಿದವನೂ ನಾನೇ.

ಆ ಬೀಗವನ್ನು ಮುರಿಯುವ ಗೋಜಿಗೂ ಜನ ಹೋಗಲಿಲ್ಲ. ಬೀಗವಿಲ್ಲದ ಹಾಡುಗಳು ಪುಕ್ಕಟೆಯಾಗಿ ಸಿಗುತ್ತಿದ್ದವು, ಅವನ್ನೇ ಇಳಿಸಿಕೊಂಡರು. ಷೇರಿನೊಂದಿಗೆ ನಮ್ಮ ಮುಂಗಡವೂ ಕರಗಿತು. ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳಲು ಮನೆಯೊಡತಿಯ ಬಳಿಗೆ ಹೊರಟೆ. "ಪ್ರಸ್ತುತ ಮಾರುಕಟ್ಟೆಯ ಪರಿಸ್ಥಿತಿಯನ್ನು ಪರಿಗಣಿಸಿ" ಎಂದು ಆರಂಭವಾಗುವ ಇಂಗ್ಲಿಷ್ ವಾಕ್ಯವನ್ನು ಮೆಟ್ಟಿಲು ಹತ್ತುತ್ತಲೇ ತಿದ್ದಿಕೊಂಡಿದ್ದೆ. ಪಂಜಾಬಿನ ಆ ಹಿರಿಯ ಹೆಂಗಸು ಅದನ್ನು ತಾಳ್ಮೆಯಿಂದ ಕೊನೆಯವರೆಗೂ ಕೇಳಿದರು.

"ಶೇರ್ ಡೂಬ್ ಗಯಾ, ಬೇಟಾ?"

ಮುಳುಗಿತೆಂದು ತಲೆಯಾಡಿಸಿದೆ. ನೀವು ಎಲ್ಲಿಗೂ ಹೋಗಬೇಕಿಲ್ಲ, ಕೆಳಗೇ ಇರಿ ಎಂದರು. ಬದುಕಿದೆ ಎನಿಸಿತು. ಅಲ್ಲಿಗೆ ಎದ್ದು ಬರಬಹುದಿತ್ತು. ಆದರೆ ತಂತ್ರಜ್ಞಾನದಲ್ಲಿ ದೋಷವಿರಲಿಲ್ಲ, ಕಾಲ ಪಕ್ವವಾಗಿರಲಿಲ್ಲ ಅಷ್ಟೆ ಎಂಬುದನ್ನು ನನ್ನ ಹರಕು ಹಿಂದಿಯಲ್ಲಿ ಅವರಿಗೆ ವಿವರಿಸತೊಡಗಿದೆ.

"ಪಹಲೇ ಚಾಯ್ ಪೀ," ಎಂದು ಅವರು ಚಹಾದ ಲೋಟವನ್ನು ನನ್ನ ಕೈಗಿತ್ತರು.