ಅವಂತಿ ಯಾರು?

ಎರಡನೆಯ ಮಹಾಯುದ್ಧವನ್ನು ನಾನು ಪ್ರತಿ ವರ್ಷ ನಾಲ್ಕು ಪೀರಿಯಡ್ಡಿನಲ್ಲಿ ಮುಗಿಸುತ್ತೇನೆ. ದೊಡ್ಡ ದೊಡ್ಡ ಸೇನಾಪತಿಗಳಿಗೆ ಆರು ವರ್ಷ ಹಿಡಿದ ಕೆಲಸ ಅದು. ಆದರೆ ಯಲಬುರ್ಗಾದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ನನಗೆ ಪರೀಕ್ಷೆ, ಸಿಲಬಸ್ಸು, ಬೆಲ್ಲು ಎಂಬ ಶತ್ರುಗಳಿದ್ದಾರೆ. ಅವರಿಗೆ ಇರಲಿಲ್ಲ. ಕೊಪ್ಪಳದಿಂದ ದಿನಾ ಬಸ್ಸಿನಲ್ಲಿ ಬರುವವನು ನಾನು. ಬಸ್ಸು ತಡವಾದ ದಿನ ಪೋಲೆಂಡು ಬೀಳುವುದೂ ಜಪಾನು ಶರಣಾಗುವುದೂ ಒಂದೇ ಬೆಳಗ್ಗೆ ಆಗಿಹೋದದ್ದುಂಟು.

ಈ ವರ್ಷವೂ ಬೋರ್ಡಿನ ಮೇಲೆ ಯುರೋಪಿನ ನಕ್ಷೆ ಬರೆದೆ. ಇಟಲಿ ಬೂಟಿನ ಆಕಾರದಲ್ಲಿದೆ ಎನ್ನುತ್ತಾರೆ. ನನ್ನ ಇಟಲಿ ಮಾತ್ರ ಯಾವಾಗಲೂ ಬದನೆಕಾಯಿಯ ಹಾಗೆ ಬರುತ್ತದೆ. ಹುಡುಗರ ಆಕಳಿಕೆ ನೋಡಿ ಪಾಪ ಎನಿಸಿ, ಕೊನೆಗೊಂದು ಸಮಾಧಾನ ಹೇಳಿದೆ: "ಇದೆಲ್ಲ ಭಾಳ ದೂರದ ಮಾತು. ನಮ್ಮ ಯಲಬುರ್ಗಾಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ."

"ಐತ್ರಿ ಸರ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಬಿಸಿಯೂಟದ ಅಡುಗೆಯ ಶಾಂತಮ್ಮ. ಇವತ್ತು ಊಟಕ್ಕೆ ಎಷ್ಟು ಮಕ್ಕಳು ಎಂದು ಕೇಳಲು ಬಂದವರು ಬಾಗಿಲಲ್ಲೇ ನಿಂತು ಪಾಠ ಕೇಳಿದ್ದರು. "ನಮ್ಮತ್ತಿ ಅಪ್ಪ ಹೋಗಿದ್ದನ್ರಿ ಆ ಯುದ್ಧಕ್ಕ, ಹೇಸರಗತ್ತಿ ಕಾಯಾಕ. ಇಟ್ಲಿ ಅಂತ ಅದೇನೋ ಅಂದ್ರಲ್ಲ, ಅಲ್ಲಿಗೇ."

ತರಗತಿಗೆ ತರಗತಿಯೇ ನೆಟ್ಟಗಾಗಿ ಕೂತಿತು. ಮೇಷ್ಟರು ಸೋಲುವುದನ್ನು ನೋಡುವ ಸುಖವೇ ಬೇರೆ.

ಇಟಲಿಯ ಗುಡ್ಡಗಳಲ್ಲಿ ಲಾರಿ ಹತ್ತದ ಕಡೆ ಮದ್ದುಗುಂಡು, ರೊಟ್ಟಿ, ಗಾಯಾಳುಗಳನ್ನೆಲ್ಲ ಹೇಸರಗತ್ತೆಗಳೇ ಹೊತ್ತವು, ಅವುಗಳ ಜೊತೆ ನಮ್ಮ ದೇಶದವರು ನಡೆದರು ಎಂದು ಎಲ್ಲೋ ಓದಿದ್ದೆ. ಆ ನಡೆದವರಿಗೆ ಒಂದು ಊರು, ಊರಲ್ಲೊಂದು ಹೊಲ, ಹೊಲದಲ್ಲೊಬ್ಬ ಹೆಂಡತಿ ಇರಬಹುದೆಂದು ಮಾತ್ರ ಹೊಳೆದಿರಲಿಲ್ಲ. ಭಾನುವಾರ ಶಾಂತಮ್ಮನ ಮನೆಗೆ ಹೋದೆ.

ಅವರ ಅತ್ತೆ ಗೌರವ್ವನಿಗೆ ತೊಂಬತ್ತರ ಹತ್ತಿರ. ಹಲ್ಲು ಹೋಗಿವೆ, ಕಿವಿ ಚುರುಕು. ಕಟ್ಟೆಯ ಮೇಲೆ ಕೂತು ತೊಗರಿಬೇಳೆಯ ಹರಳು ಆರಿಸುತ್ತಿದ್ದವರು ನನ್ನನ್ನು ಕೂಡಿಸಿಕೊಂಡು, ನಾನು ಬಾಯಿ ತೆರೆಯುವ ಮೊದಲೇ ತಾವೇ ಪ್ರಶ್ನೆ ಹಾಕಿದರು.

"ಮಾಸ್ತರ, ನೀವು ಓದಿದವ್ರು. ಇಟ್ಲಿಯೊಳಗ ಹೆಣ್ಮಕ್ಕಳಿಗೆ ಅವಂತಿ ಅಂತ ಹೆಸರಿಡ್ತಾರೇನ್ರಿ?"

ಗೊತ್ತಿಲ್ಲ ಎಂದೆ. ಆಗ ಅವರು ಕಥೆ ಹೇಳಿದರು.

ಗೌರವ್ವ ತೊಟ್ಟಿಲಲ್ಲಿದ್ದಾಗ ಅವರಪ್ಪ ಬಸಪ್ಪ ಬಳ್ಳಾರಿಗೆ ಹೋಗಿ ಸೈನ್ಯ ಸೇರಿದ. ಮಗಳು ಸಣ್ಣ ಕೊಡ ಹೊರುವಷ್ಟಾದಾಗ ತಿರುಗಿ ಬಂದ. ಯುದ್ಧದ ಮಾತು ತೆಗೆದರೆ ಎದ್ದು ಹೋಗುತ್ತಿದ್ದ. ಆದರೆ ಹೊಸದಾಗಿ ತಂದ ಎತ್ತುಗಳನ್ನು ಹೊಲದಲ್ಲಿ ಹೊಡೆಯುವಾಗ ಮಾತ್ರ ಒಂದೇ ಸಮನೆ ಕೂಗುತ್ತಿದ್ದ: "ಅವಂತಿ! ಏ ಅವಂತಿ!"

ಹೆಂಡತಿ ನೀಲವ್ವ ಒಂದು ವಾರ ಕೇಳಿದಳು. ಎಂಟನೆಯ ದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಯಾರಕಿ, ಅವಂತಿ?" ಎಂದಳು.

"ಅಕಿ ಇಲ್ಲಂದ್ರ ನಾ ಜೀವಂತ ಬರ್ತಿದ್ದಿಲ್ಲ," ಎಂದು ನಕ್ಕ ಬಸಪ್ಪ.

ಜಗತ್ತಿನ ಯುದ್ಧ ಮುಗಿದಿತ್ತು, ಮನೆಯದು ಶುರುವಾಯಿತು. ನೀಲವ್ವ ಅಡುಗೆ ಮಾಡಿದಳು, ಬಡಿಸಿದಳು, ಗಂಡನೊಡನೆ ಒಂದು ಮಾತೂ ಆಡಲಿಲ್ಲ. ಏನಾದರೂ ಹೇಳಬೇಕಾದರೆ ಎಮ್ಮೆಗೆ ಹೇಳುತ್ತಿದ್ದಳಂತೆ, ಗಂಡನಿಗೆ ಕೇಳುವ ಹಾಗೆ.

ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಸರಿಯಾಗಿ ಬಸಪ್ಪ ಜ್ವರ ಬಂದು ಮಲಗಿದ. ಎರೆಹೊಲದ ಹಸಿ ಆರಿದರೆ ವರ್ಷದ ರೊಟ್ಟಿ ಹೋದಂತೆ. ನೀಲವ್ವ ತಾನೇ ಕೂರಿಗೆ ಹೂಡಿದಳು. ಎತ್ತುಗಳು ಕದಲಲಿಲ್ಲ. ಬಾರುಕೋಲು ತೋರಿಸಿದಳು, ಬಾಲ ತಿರುವಿದಳು, ಮುದ್ದು ಮಾಡಿದಳು, ಬೈದಳು. ಅವು ಮೆಲುಕು ಹಾಕುತ್ತ ನಿಂತವು. ಪಕ್ಕದ ಹೊಲದ ಹೆಂಗಸರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು.

"ನಮ್ಮವ್ವ ಸೆರಗು ಬಿಗಿದು ಕಟ್ಟಿದ್ಲು," ಎಂದರು ಗೌರವ್ವ, "ಕಣ್ಣು ಮುಚ್ಚಿದ್ಲು, 'ಅವಂತೀ!' ಅಂತ ಊರಿಗೇ ಕೇಳೂವಂಗ ಒದರಿದ್ಲು ನೋಡ್ರಿ. ಎತ್ತು ಹೊಂಟೇಬಿಟ್ಟೂವು!"

ಸಂಜೆ ಮನೆಗೆ ಬಂದು, ಜ್ವರದ ಗಂಡನ ಬಾಯಿಗೆ ಗಂಜಿ ಹಿಡಿದು, "ನಿನ್ನ ಅವಂತಿ ಭಾಳ ಛಲೋದಾಕಿ. ಇವತ್ತ ನಮ್ಮ ಹೊಲಾ ಬಿತ್ಯಾಳ," ಎಂದಳಂತೆ. ಅಲ್ಲಿಗೆ ರಾಜಿ. ಯಾರೆಂದು ಮತ್ತೆ ಕೇಳಲಿಲ್ಲ, ಅವನೂ ಹೇಳಲಿಲ್ಲ. ಇಬ್ಬರೂ ತೀರಿಕೊಂಡು ಎಷ್ಟೋ ಕಾಲವಾಯಿತು.

"ನನಗ ಅಲ್ಲಿ ಒಬ್ಬಾಕಿ ಚಿಗವ್ವ ಇದ್ಲು, ತಂಗಿನೂ ಇರಬೇಕು ಅಂತ ಇವತ್ತಿನತನಾ ಅನ್ಕೊಂಡೇನ್ರಿ," ಎಂದರು ಗೌರವ್ವ.

ಮೊಬೈಲು ತೆಗೆದು ಹುಡುಕಿದೆ. ನಾನು ಇಷ್ಟು ವರ್ಷ ಬೋರ್ಡಿನ ಮೇಲೆ ಗೆದ್ದು ಸೋತ ದೇಶದ ಒಂದು ಶಬ್ದವೂ ನನಗೆ ತಿಳಿದಿರಲಿಲ್ಲ. "ಅಮ್ಮ, ಅದು ಹೆಸರಲ್ರಿ. ಅವರ ಭಾಷೆಯೊಳಗ 'ಮುಂದಕ್ಕ ನಡಿ' ಅಂತ. ಹೇಸರಗತ್ತಿಗೆ ಹಂಗ ಅಂತಿದ್ದಿರಬೇಕು. ಆ ಮಾತಿಗೇ ನಡಿಯೂ ಒಂದು ಹೇಸರಗತ್ತಿಗೆ ನಿಮ್ಮಪ್ಪ ಅದನ್ನಽ ಹೆಸರಿಟ್ಟು ಕರದಿರಬೇಕು. ಅವರನ್ನ ಗುಡ್ಡ ಇಳಿಸಿ ಉಳಿಸಿದ್ದು ಅದಽ ಇರಬೇಕು. ನನ್ನ ಊಹೆ ಅಷ್ಟ."

ಗೌರವ್ವನ ಕೈ ಮೊರದಲ್ಲೇ ನಿಂತಿತು. ಒಬ್ಬ ಮುದುಕಿಯ ಇಟಲಿಯ ಬಳಗವನ್ನೆಲ್ಲ ಒಂದು ಮೊಬೈಲಿನಿಂದ ಅಳಿಸಿಬಿಟ್ಟೆನಲ್ಲ ಎಂದು ನನಗೆ ದಿಗಿಲಾಯಿತು. ಅಷ್ಟರಲ್ಲಿ ಅವರ ಹೊಟ್ಟೆ ಕುಲುಕತೊಡಗಿತು. "ಹೇಸರಗತ್ತಿ ಮ್ಯಾಲೆ ಹೊಟ್ಟಿಕಿಚ್ಚು ಪಟ್ಟಾಳಲ್ರೀ ನಮ್ಮವ್ವ!" ಎಂದು ನಕ್ಕರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ಶಾಂತಮ್ಮ ಒಳಗಿನಿಂದ ಬಂದು ನಮ್ಮಿಬ್ಬರನ್ನೂ ನೋಡಿ ತಾವೂ ನಕ್ಕರು.

ಆಮೇಲೆ ಗೌರವ್ವ ಸ್ವಲ್ಪ ನಾಚಿಕೆಯಿಂದ ಇನ್ನೊಂದು ಮಾತು ಹೇಳಿದರು. ಅವ್ವ ಹೋದಾಗಿನಿಂದ ಅವರು ಪ್ರತಿ ವರ್ಷ ಹಿರೇರ ಅಮಾಸಿಗೆ ಅಪ್ಪನ ಎಡೆ, ಅವ್ವನ ಎಡೆಯ ಪಕ್ಕ ಅವಂತಿಗೂ ಒಂದು ಎಡೆ ಇಡುತ್ತ ಬಂದಿದ್ದಾರೆ. ಅಪ್ಪನನ್ನು ಉಳಿಸಿ ಕಳಿಸಿದವಳಲ್ಲವೇ. ಹೋಳಿಗೆ, ಕಟ್ಟಿನ ಸಾರು, ಎಲ್ಲವೂ.

"ಇಡೂದು ಬಿಡಂಗಿಲ್ಲ," ಎಂದರು. "ಆದ್ರ ಹೋಳಿಗಿ ಹೆಂಗ ತಿಂದೀತ್ರಿ ಪಾಪ? ಮಾಸ್ತರ, ಹೇಸರಗತ್ತಿ ಏನ್ ತಿಂತೈತಿ?"

ನಾನು ಸೇನಾಪತಿಗಳನ್ನು ಬಲ್ಲೆ, ಒಪ್ಪಂದಗಳನ್ನು ಬಲ್ಲೆ. ಇದು ಯಾವ ಪಾಠದಲ್ಲೂ ಬಂದಿರಲಿಲ್ಲ. ಸ್ವಲ್ಪ ಹೊತ್ತು ಗಡ್ಡ ಕೆರೆದು, "ಕಡ್ಲಿ, ಅಮ್ಮ. ನೆನಸಿದ ಕಡ್ಲಿ," ಎಂದೆ. ಗೌರವ್ವ ಗಂಭೀರವಾಗಿ ತಲೆಯಾಡಿಸಿ, ಮರೆಯಬೇಡವೆಂದು ಸೊಸೆಗೂ ಎರಡು ಸಲ ಹೇಳಿದರು. ನನ್ನ ಇಷ್ಟು ವರ್ಷದ ಮೇಷ್ಟರಿಕೆಯಲ್ಲಿ ಒಬ್ಬರು ಇಷ್ಟು ಮನಸ್ಸಿಟ್ಟು ಕೇಳಿದ್ದು ಇದೊಂದೇ ಉತ್ತರ. ಅದೂ ಊಹಿಸಿ ಹೇಳಿದ್ದು.