ಅಳಿವೆಯಲ್ಲಿ ಸಿಕ್ಕಿದವನು

ಹೆಂಡತಿ ತೀರಿಕೊಂಡ ಮೇಲೆ ನಾನು ಸ್ವಲ್ಪ ಕಾಲ ದೇರೆಬೈಲಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಅಕ್ಕ, ಭಾವ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ನಾನು ಒಳಗೆ ಬಂದರೆ ಅವರ ಮಾತು ತಗ್ಗುತ್ತಿತ್ತು. ಮಕ್ಕಳು ಜೋರಾಗಿ ನಕ್ಕರೆ ಅಕ್ಕ ಕಣ್ಣಿನಲ್ಲೇ ಗದರುತ್ತಿದ್ದಳು. ನನ್ನಿಂದಾಗಿ ಒಂದು ಮನೆ ನಗುವುದನ್ನು ಬಿಡಬೇಕೇ ಅನ್ನಿಸಿ, ಬಂದರಿನ ಒಂದು ಗೋದಾಮಿನ ಮಹಡಿಯಲ್ಲಿ ಕೋಣೆ ಹಿಡಿದೆ. ಕೆಲಸವೂ ಅಲ್ಲೇ ಕೆಳಗೆ: ಹಡಗಿಗೆ ಹೆಂಚು ತುಂಬುವ ಆಳುಗಳ ಮೇಸ್ತ್ರಿ. ಮಳೆಗಾಲದಲ್ಲಿ ಹಾಯಿ ಹಡಗುಗಳು ಓಡುವುದಿಲ್ಲ, ಹಾಗಾಗಿ ಆ ಕೆಲಸವೂ ಇಲ್ಲ. ಕಿಟಕಿಯಲ್ಲಿ ಕೂತು ಹೊಳೆ ಕೆಂಪಾಗುವುದನ್ನು ನೋಡುವುದಷ್ಟೇ.

ಎರಡು ಹೊಳೆಗಳು ಕೂಡಿ ಕಡಲಿಗೆ ಬೀಳುವ ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ ಉಂಟು. ಮಳೆ ಹಿಡಿಯುವ ಹೊತ್ತಿಗೆ ತಡವಾಗಿ ಬಂದ ಮಂಜಿಗಳು, ಅಂದರೆ ಸರಕಿನ ಹಾಯಿ ಹಡಗುಗಳು, ಅದಕ್ಕೆ ಬಡಿದು ಒಡೆಯುವುದು ಹೊಸತಲ್ಲ. ಒಡೆದಾಗ ಹೊಳೆಯಾಚೆ ಬೆಂಗ್ರೆಯ ಮೊಗವೀರರು, ಅಲ್ಲಿನ ಮೀನುಗಾರರು, ದೋಣಿ ಇಳಿಸುವುದೂ ಹೊಸತಲ್ಲ. ಅವರನ್ನು ಯಾರೂ ಸ್ವಯಂಸೇವಕರು ಎಂದು ಕರೆದಿರಲಿಲ್ಲ. ಪೇಟೆಯ ನಾವು ಕೆಲವರು ಹೋಗಿ ಸೇರಿಕೊಂಡ ಮೇಲೆ ಆ ಹೆಸರು ಬಂತು.

ನಾನು ಸೇರಲು ಹೋದ ದಿನ ಅವರ ಮುಖಂಡರಾದ ಗುರಿಕಾರರು ಬಲೆ ಹೊಲಿಯುತ್ತಾ ಕೂತಿದ್ದರು. ವಯಸ್ಸಾದವರು.

"ಮನೆಯಲ್ಲಿ ಯಾರೆಲ್ಲ ಉಂಟು?" ಎಂದು ಕೇಳಿದರು.

"ಯಾರೂ ಇಲ್ಲ."

"ಹಾಗಾದರೆ ನೀವು ದೋಣಿಗೆ ಬೇಡ."

"ಯಾಕೆ? ನಾನು ಹೋದರೆ ಅಳುವವರೇ ಇಲ್ಲವಲ್ಲ."

"ಅದಕ್ಕೇ ಬೇಡ ಅಂದದ್ದು. ನನ್ನ ಹುಡುಗರು ತಿರುಗಿ ಮನೆಗೆ ಬರ್ಬೇಕು. ನೀವು ದಡದಲ್ಲಿ ಹಗ್ಗ ಹಿಡೀರಿ."

ಬೇಜಾರಾಯಿತು. ಆದರೂ ಹಗ್ಗ ಹಿಡಿಯುವುದನ್ನು ಕಲಿತೆ. ದೋಣಿ ಅಲೆಗಳ ಮಧ್ಯೆ ಆದಷ್ಟು ಹತ್ತಿರ ಹೋಗಿ, ಖಾಲಿ ಚಿಮಣಿ ಎಣ್ಣೆ ಡಬ್ಬಗಳನ್ನು ಕಟ್ಟಿದ ಹಗ್ಗವನ್ನು ಎಸೆಯಬೇಕು. ನೀರಿಗೆ ಬಿದ್ದವನು ಡಬ್ಬ ಅಪ್ಪಿಕೊಂಡರೆ ದಡದವರು ಎಳೆಯಬೇಕು. ಜಗ್ಗಬಾರದು, ಅಲೆ ಬಿಟ್ಟುಕೊಟ್ಟಾಗ ಮಾತ್ರ ಎಳೆಯಬೇಕು.

ಆ ವರ್ಷದ ಮಳೆ ಆಗಷ್ಟೇ ಸುರುವಾಗಿತ್ತು. ಬೆಳಿಗ್ಗೆ ಗಂಜಿಗೆ ಕೂತಿದ್ದಾಗ ಬೆಂಗ್ರೆಯ ಕಡೆಯಿಂದ ಕೂಗು ಕೇಳಿತು. ನಾವು ಹೊಳೆ ದಾಟಿ ಮರಳಿನ ಮೇಲೆ ಓಡಿ ಮುಟ್ಟುವಾಗ ತೆಂಕಿನಿಂದ ಬಂದ ಒಂದು ಮಂಜಿ ದಿಬ್ಬದ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಅದರ ಹಾಯಿಕಂಬದಲ್ಲಿ ಜನ ಕಾಣಿಸುತ್ತಿದ್ದರು. ದೋಣಿ ಎರಡು ಸಲ ಹೋಗಿ ಅಲೆಯ ಹೊಡೆತಕ್ಕೆ ಹಿಂದೆ ಬಂತು. ಮತ್ತೊಮ್ಮೆ ಹೋಗುವಷ್ಟರಲ್ಲಿ ಕಂಬವೇ ಇರಲಿಲ್ಲ. ಹಗ್ಗ ಎಸೆದರು. ಬಹಳ ಹೊತ್ತು ಅದು ಸುಮ್ಮನೆ ತೇಲಿತು. ಆಮೇಲೆ ನನ್ನ ಕೈಯಲ್ಲಿ ಭಾರ ಬಂತು.

ಎಳೆದೆವು. ಹತ್ತಿರ ಬಂದಾಗ ನೋಡುತ್ತೇವೆ, ಡಬ್ಬಗಳ ಜೊತೆ ಇಬ್ಬರು. ಒಬ್ಬ ನನ್ನ ಪ್ರಾಯದವನು. ಅವನು ತನ್ನ ಮುಂಡಾಸಿನಿಂದ ಒಬ್ಬ ಮುದುಕನನ್ನು ತನ್ನ ಸೊಂಟಕ್ಕೆ ಬಿಗಿದುಕೊಂಡಿದ್ದ. ಮುದುಕನ ಜೀವ ಹೋಗಿತ್ತು. ಗಂಟು ಬಿಚ್ಚಲು ಹೋದರೆ ಅವನು ನನ್ನ ಕೈಯನ್ನು ಕಚ್ಚುವವನಂತೆ ದೂಡಿದ. ಉಳಿದವರು ಯಾರೂ ಸಿಗಲಿಲ್ಲ. ಗುರಿಕಾರರು ಸಂಜೆಯವರೆಗೂ ಮೊಣಕಾಲುದ್ದದ ನೀರಿನಲ್ಲಿ ನಿಂತೇ ಇದ್ದರು. ಅವರನ್ನು ಕರೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಮುದುಕನನ್ನು ಬಂದರಿನ ಮಸೀದಿಯ ಹಿಂದೆ ಮಣ್ಣು ಮಾಡಿದರು. ಬದುಕಿದವನಿಗೆ ನಮ್ಮ ಯಾವ ಭಾಷೆಯೂ ತಿಳಿಯಲಿಲ್ಲ. ತುಳು, ಕೊಂಕಣಿ, ಬ್ಯಾರಿ, ಹಿಂದುಸ್ಥಾನಿ ಎಲ್ಲ ಆಯಿತು. ಸಲಾಮು ಹೇಳಿದರೆ ಸಲಾಮು ಹೇಳುತ್ತಿದ್ದ, ಅಷ್ಟೇ. ಗೋದಾಮಿನ ಪಕ್ಕದಲ್ಲಿ ಅಂಗಡಿ ಇಟ್ಟಿದ್ದ ಬ್ಯಾರಿ ಕಾಕಾ, "ದೂರದ ಯಾವುದೋ ದ್ವೀಪದವ ಮಾರಾಯ್ರೆ, ರೈಲಿಗೆ ಹತ್ತಿಸುವ ಅಂದರೆ ಎಲ್ಲಿಗೆ ಅಂತ ಟಿಕೆಟು ತೆಗೆಯುವುದು?" ಎಂದರು. ಮಸೀದಿಯ ಜಗಲಿಯಲ್ಲಿ ಜಾಗ ಮಾಡಿಕೊಟ್ಟರು. ಅವನು ಅಲ್ಲಿ ನಿಲ್ಲಲಿಲ್ಲ. ಮಣ್ಣು ಮಾಡಿ ನಾನು ಹಿಂತಿರುಗುವಾಗ ಹಿಂದೆಯೇ ಬಂದು, ನನ್ನ ಕೋಣೆಯ ಮೂಲೆಯಲ್ಲಿ ಕೂತುಬಿಟ್ಟ. ಹೋಗು ಅನ್ನಲು ನನಗೂ ಮನಸ್ಸಾಗಲಿಲ್ಲ.

ಸುದ್ದಿ ದೇರೆಬೈಲಿಗೆ ಮುಟ್ಟಿ ಅಕ್ಕ ಮಳೆಯಲ್ಲೇ ಬಂದಳು. "ಜಾತಿ ಬೇರೆ, ಭಾಷೆ ಗೊತ್ತಿಲ್ಲ. ಇವನನ್ನು ಇಟ್ಟುಕೊಂಡು ಎಂತ ಮಾಡ್ತೀ ನೀನು?"

"ಮಳೆ ಬಿಡುವವರೆಗೆ ಇರ್ತಾನೆ ಅಕ್ಕ."

ಅಕ್ಕ ಅವನನ್ನೇ ನೋಡಿದಳು. ಅವನು ಎದ್ದು ಗೋಡೆಗೆ ಒತ್ತಿ ನಿಂತಿದ್ದ. ಹೋಗುವಾಗ ಅವಳು ನನಗೆಂದು ತಂದ ಹಲಸಿನ ಹಪ್ಪಳವನ್ನು ಎರಡು ಪಾಲು ಮಾಡಿ ಇಟ್ಟು ಹೋದಳು.

ಅವನ ಊಟವನ್ನು ಹೆಚ್ಚಾಗಿ ಕಾಕಾನ ಮನೆಯಿಂದ ಕಳಿಸುತ್ತಿದ್ದರು. ಶುಕ್ರವಾರ ಮಸೀದಿಗೆ ಹೋಗಿ ಗೋರಿಯ ಬಳಿ ಕೂತು ಬರುತ್ತಿದ್ದ. ಉಳಿದ ಹೊತ್ತು ಕತ್ತದ ಹಗ್ಗ ಹೊಸೆಯುತ್ತಿದ್ದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನು ಅವನ ಭಾಷೆಯಲ್ಲಿ ಏನೋ ಹೇಳಲು ತೊಡಗುತ್ತಿದ್ದ. ನಿಧಾನಕ್ಕೆ, ಯಾರಿಗೋ ಲೆಕ್ಕ ಒಪ್ಪಿಸುವವನ ಹಾಗೆ. ನಾನು ಕೇಳುತ್ತಿದ್ದೆ. ಅವನು ನಿಲ್ಲಿಸಿದ ಮೇಲೆ ನಾನು ತುಳುವಿನಲ್ಲಿ ಸುರು ಮಾಡುತ್ತಿದ್ದೆ. ಅಕ್ಕನಿಗೂ ಹೇಳಿರದ ಮಾತುಗಳು. ಹೆಂಡತಿ ಬಾಗಿಲು ಹಾಕುವಾಗ ಅಗಳಿಯನ್ನು ಎರಡು ಸಲ ಮುಟ್ಟಿ ನೋಡುತ್ತಿದ್ದದ್ದು, ಜ್ವರದಲ್ಲಿ ತನ್ನ ತಾಯಿಮನೆಯ ಬಾವಿ ನೀರೇ ಬೇಕೆಂದು ಹಟ ಮಾಡಿದ್ದು, ನಾನು ನೀರು ತಂದಾಗ ಅವಳಿಗೆ ನನ್ನ ಗುರುತು ಸಿಗದೆ ಹೋದದ್ದು. ಅರ್ಥವಾಗುವುದಿಲ್ಲ ಎಂಬ ಧೈರ್ಯದಿಂದಲೇ ಹೇಳಿದೆ. ಅವನು ಹೊಸೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ.

ಸಮುದ್ರಪೂಜೆ ಕಳೆದು ಕಡಲು ತಣಿದ ಮೇಲೆ ಮಲಬಾರಿನಿಂದ ಮೊದಲ ಮಂಜಿಗಳು ಬಂದವು. ಅವುಗಳಲ್ಲೊಂದರ ತಂಡೇಲನಿಗೆ, ಹಡಗು ನಡೆಸುವವನಿಗೆ, ಇವನ ಭಾಷೆ ಬರುತ್ತಿತ್ತು. ಕಾಕಾ ಅವನನ್ನು ಅಂಗಡಿಗೆ ಕರೆತಂದರು. ಇವನು ಹೇಳಿದ್ದನ್ನು ತಂಡೇಲ ಮಲಯಾಳದಲ್ಲಿ ಹೇಳಿದ, ಅದನ್ನು ಕಾಕಾ ನನಗೆ ತುಳುವಿನಲ್ಲಿ ಹೇಳಿದರು.

ಇಡೀ ಮಳೆಗಾಲ ನನ್ನನ್ನು ಕಾಡಿದ್ದನ್ನೇ ಮೊದಲು ಕೇಳಿದೆ. "ಆ ಮುದುಕ ಇವನಿಗೆ ಎಂತ ಆಗಬೇಕು? ತಂದೆಯಾ?"

ಮಾತು ಅತ್ತ ಹೋಗಿ ಇತ್ತ ಬಂತು. ಕಾಕಾ ನನ್ನ ಕಡೆ ತಿರುಗಿದರು.

"ಯಾರೂ ಅಲ್ಲವಂತೆ. ಹಿಂದಿನ ಬಂದರಿನಲ್ಲಿ ಹತ್ತಿದ ಮುದುಕನಂತೆ. ಹೆಸರು ಕೂಡ ಇವನಿಗೆ ಗೊತ್ತಿಲ್ಲವಂತೆ. ನೀರಿಗೆ ಬಿದ್ದಾಗ ಪಕ್ಕದಲ್ಲಿ ಇದ್ದದ್ದು ಅವರೇ ಅಂತೆ."

ಆಮೇಲೆ ಇವನು ನನ್ನ ಕಡೆ ಕೈ ತೋರಿಸಿ ಇನ್ನೇನೋ ಕೇಳಿದ. ತಂಡೇಲ ಹಿಂಜರಿದು ಹೇಳಿದ. ಕಾಕಾ ನನ್ನ ಮುಖ ನೋಡದೆ ಹೇಳಿದರು:

"ನೀವು ದಿನಾ ಸಂಜೆ ಹೇಳ್ತಾ ಇದ್ದದ್ದು ಯಾರ ವಿಷಯ ಅಂತ ಕೇಳ್ತಾನೆ. ನಿಮಗೆ ತುಂಬಾ ಬೇಕಾದವರು ಅಂತ ಅವನಿಗೆ ಗೊತ್ತಾಗಿದೆಯಂತೆ."

"ನನ್ನ ಹೆಂಡತಿ," ಎಂದೆ. ಆ ಎರಡು ಶಬ್ದ ಇಬ್ಬರ ಬಾಯಿ ದಾಟಿ ಅವನನ್ನು ಮುಟ್ಟಿತು. ಅವನು ತಲೆಯಾಡಿಸಿದ. ಬೇರೇನೂ ಕೇಳಲಿಲ್ಲ.

ಮರುದಿನ ಅದೇ ಮಂಜಿಯಲ್ಲಿ ಹೊರಟ. ಹಡಗು ನಿಲ್ಲುವ ಧಕ್ಕೆಯಲ್ಲಿ ನನ್ನ ಎರಡೂ ಕೈ ಹಿಡಿದು ಬಿಟ್ಟ. ಅವನ ಸುದ್ದಿ ಮತ್ತೆ ಬರಲಿಲ್ಲ. ಅಳಿವೆಯಲ್ಲಿ ನಾನು ಮುಂದೆ ಎಷ್ಟೋ ಮಳೆಗಾಲ ನಿಂತೆ. ಕೆಲವರು ಸಿಕ್ಕಿದರು, ಹಲವರು ಸಿಗಲಿಲ್ಲ.

ಅವನು ಹೋದ ಸಂಜೆ ಕೋಣೆಯಲ್ಲಿ ದೀಪ ಹಚ್ಚಿ ಕೂತವನು ಮಾತಾಡಲು ಬಾಯಿ ತೆರೆದೆ. ಮೂಲೆ ಖಾಲಿ ಇತ್ತು. ಆಮೇಲೆ ದೀಪ ಸಣ್ಣದು ಮಾಡಿ, ಕೆಳಗಿಳಿದು ಕಾಕಾನ ಅಂಗಡಿಗೆ ಹೋದೆ. ಅವರು ಅಕ್ಕಿ ಮೂಟೆಯನ್ನು ಸರಿಸಿ ಕೂರಲು ಜಾಗ ಮಾಡಿದರು.

"ಚಾ ಮಾಡ್ಲಿಕ್ಕೆ ಹೇಳ್ಲಾ ಮಾರಾಯ್ರೆ?"

"ಹೇಳಿ," ಎಂದೆ.